ಉಪ್ಪರಿಗೆ ವಿಮಾನ ಮಂಗಳೂರಿನ ಬಜ್ಪೆ ಏರ್‌ಪೋರ್ಟಿಗೆ ಯಾಕೆ ಬರುವುದಿಲ್ಲ? ರನ್‌ವೇ ಉದ್ದದ್ದೇ ಸಮಸ್ಯೆಯಾ?

ಸೀತಾಂಗೋಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದು ಮನೆಯಲ್ಲಿ ಕಟ್ಟಿದ ಪಂದ್ಯದ ವಿಷಯ. ಹಾಗಾಗಿ ಗೊತ್ತಿದ್ದವರೇ ಉತ್ತರ ಕೊಡಿ, ಅಂದಾಜಿನಲ್ಲಿ ಹೇಳಬೇಡಿ.

ಅಕ್ಕ ದುಬೈಯಲ್ಲಿದ್ದಾಳೆ. ಬರುವ ತಿಂಗಳು ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಅಮ್ಮ ವಿಮಾನ ಹತ್ತುವುದು ಇದೇ ಮೊದಲು. ಅಕ್ಕನ ಮಗ ಫೋನಿನಲ್ಲಿ ಎ380 ವಿಮಾನದ ವಿಡಿಯೋ ತೋರಿಸಿ, "ಅಜ್ಜಿ, ಇದರಲ್ಲೇ ಬಾ, ಇದಕ್ಕೆ ಉಪ್ಪರಿಗೆ ಉಂಟು" ಅಂದುಬಿಟ್ಟ. ಅಂದಿನಿಂದ ಅಮ್ಮ ಅದನ್ನು "ಉಪ್ಪರಿಗೆ ವಿಮಾನ" ಅಂತಲೇ ಕರೆಯುತ್ತಾರೆ. ಬಜ್ಪೆಯಿಂದ ಹೋಗುವುದು 737, ಅದಕ್ಕೆ ಉಪ್ಪರಿಗೆ ಇಲ್ಲ ಅಂದರೆ ನಾನೇ ದುಡ್ಡು ಉಳಿಸುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ.

ಮೊನ್ನೆ ಭಾನುವಾರ ಮಾವ ಬಂದಿದ್ದರು. "ಬಜ್ಪೆ ರನ್‌ವೇ 2450 ಮೀಟರ್. ಇನ್ನೊಂದು ಅರ್ಧ ಕಿಲೋಮೀಟರ್ ಎಳೆದರೆ ಮರುದಿನವೇ ಬರುತ್ತದೆ" ಅಂತ ಅವರ ವಾದ. ಹಾಗಾದರೆ ಕಣ್ಣೂರಿನ ರನ್‌ವೇ 3050 ಮೀಟರ್ ಉಂಟಲ್ಲ, 2018ರ ಡಿಸೆಂಬರಿನಿಂದ ವಿಮಾನ ಓಡುತ್ತಿದೆ, ಅಲ್ಲಿಗೂ ಯಾಕೆ ಬರುವುದಿಲ್ಲ ಅಂತ ನಾನು ಕೇಳಿದೆ. ಮಾವ ಉತ್ತರ ಕೊಡಲಿಲ್ಲ. ಇನ್ನೊಂದು ಗೋಳಿಬಜೆ ತೆಗೆದುಕೊಂಡರು. ಸೋತವರು ಮುಂದಿನ ಭಾನುವಾರ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಬೇಕು.

ಯಾರು ಸರಿ?

ಉಪ್ಪಳ ಲೋಕಲ್

ಮಾವನೇ ಸರಿ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು. ಎರಡೂ ತುದಿಯಲ್ಲಿ ಕಮರಿ. 2010ರ ಮೇ 22 ಮರೆತುಹೋಯ್ತಾ? ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಹೋದರು. ನಮ್ಮ ಜಿಲ್ಲೆಯವರೂ ಎಷ್ಟೋ ಮಂದಿ ಇದ್ದರು. ಆ ವಾರ ಉಪ್ಪಳದಿಂದ ಕಾಞಂಗಾಡಿನವರೆಗೆ ಎಲ್ಲಿ ಹೋದರೂ ಅದೇ ಮಾತು. ಅದು ಬರೀ 737. ಅದಕ್ಕೇ ಜಾಗ ಸಾಲದ ಕಡೆ ಇದನ್ನು ತಂದು ಎಂತ ಮಾಡುವುದು?

ರಾಂಪ್‌ಭಾವ

ಉಪ್ಪಳದವರೇ, ಆ ದಿನದ ಬಗ್ಗೆ ಮೊದಲು ಒಂದು ಮಾತು. ಆ ವಿಮಾನ ನೆಲ ಮುಟ್ಟಿದ್ದೇ ರನ್‌ವೇಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮುಗಿದ ಮೇಲೆ. ವಿಚಾರಣೆಯ ವರದಿಯಲ್ಲೇ ಉಂಟು. ಸರಿಯಾಗಿ ಇಳಿದಿದ್ದರೆ 737ಕ್ಕೆ ಆ ರನ್‌ವೇ ಸಾಕು, ದಿನಾ ಇಳಿಯುತ್ತಿವೆ. ಆಚೆ ಕಮರಿ ಇದ್ದದ್ದರಿಂದ ತಪ್ಪು ತಿದ್ದಿಕೊಳ್ಳಲು ಜಾಗ ಸಿಗಲಿಲ್ಲ.

ಈಗ ಪಂದ್ಯದ ವಿಷಯ. ನಾನು ಗಲ್ಫಿನ ಒಂದು ದೊಡ್ಡ ಏರ್‌ಪೋರ್ಟಿನಲ್ಲಿ 11 ವರ್ಷ ರಾಂಪ್ ಕೆಲಸ ಮಾಡಿದವ. ರಾಂಪ್ ಅಂದರೆ ವಿಮಾನ ನಿಲ್ಲುವ ಕಾಂಕ್ರೀಟ್ ಅಂಗಳ. ಈಗ ನೀರ್ಚಾಲಿನ ಹತ್ತಿರ ಇನ್ನೊಂದು ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದೇನೆ. ಕಂಪನಿ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಮಾವನಿಗೆ ಹೇಳಿ: ಉದ್ದಕ್ಕಿಂತ ದೊಡ್ಡ ತೊಂದರೆ ಅಗಲದ್ದು.

ಎ380 ನಿಜವಾಗಿ ಅಷ್ಟು ಉದ್ದದ ವಿಮಾನವೇ ಅಲ್ಲ. 72.7 ಮೀಟರ್. ಒಂದೇ ಮಾಳಿಗೆಯ 777-300 ಇಆರ್ ಅದಕ್ಕಿಂತ ಒಂದು ಮೀಟರ್ ಜಾಸ್ತಿ ಉದ್ದ ಉಂಟು. ಇಳಿದು ನಿಲ್ಲಲು ಒಣ ರನ್‌ವೇಯಲ್ಲಿ ಎರಡು ಕಿಲೋಮೀಟರಿನ ಆಸುಪಾಸು ಸಾಕು. ದುಬೈ ದಾರಿಗೆ ಟ್ಯಾಂಕ್ ಪೂರ್ತಿ ತುಂಬಿಸಬೇಕಾಗಿಯೂ ಇಲ್ಲ, ಹಗುರವಾಗಿಯೇ ಏಳುತ್ತದೆ. ಆಟಿ ಮಳೆಯಲ್ಲಿ ಒದ್ದೆ ರನ್‌ವೇ ಆದರೆ ಬೇರೆ ಲೆಕ್ಕ, ಅದನ್ನು ಒಪ್ಪುತ್ತೇನೆ.

ರೆಕ್ಕೆ ನೋಡಿ. ತುದಿಯಿಂದ ತುದಿಗೆ 79.75 ಮೀಟರ್. ಓದಿದರೆ ಅಂದಾಜು ಸಿಗುವುದಿಲ್ಲ. ಕಳೆದ ವರ್ಷ ಮಗ ಇದನ್ನೇ ಕೇಳಿದಾಗ ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ನಮ್ಮಲ್ಲಿ ಅಡಿಕೆ ನೆಟ್ಟದ್ದು ಒಂಬತ್ತು ಅಡಿಗೆ ಒಂದು. ಕೆರೆಯ ಬದಿಯ ಮರದಿಂದ ಎಣಿಸುತ್ತಾ ಹೋದೆವು. ಮೂವತ್ತನೇ ಮರ ಸಿಗುವಾಗ ಒಂದು ವಿಮಾನದ ರೆಕ್ಕೆ ಮುಗಿಯಿತು. ಮೂವತ್ತನೆಯದು ನಮ್ಮದಲ್ಲ, ಬೇಲಿ ದಾಟಿ ಪಕ್ಕದವರದು. ಅವರು ಅಲ್ಲೇ ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದರು, "ಎಂತ, ಸರ್ವೆಯಾ?" ಅಂತ ಕೇಳಿದರು. 737ದ ರೆಕ್ಕೆ 35.8 ಮೀಟರ್, ಹದಿನಾಲ್ಕು ಮರದಲ್ಲಿ ಮುಗಿಯುತ್ತದೆ.

ರೆಕ್ಕೆಯ ಅಗಲ ನೋಡಿಯೇ ವಿಮಾನಗಳಿಗೆ ಎ ಯಿಂದ ಎಫ್ ತನಕ ಅಕ್ಷರ ಕೊಡುತ್ತಾರೆ. 36 ಮೀಟರಿನ ಒಳಗಿನ 737 ಸಿ. 65 ಮೀಟರಿನ ಒಳಗಿನ ಜಂಬೋ 747-400, 777 ಎಲ್ಲ ಇ. 65 ರಿಂದ 80ರ ಒಳಗಿನದು ಎಫ್. ಎ380 ಮಾಡಿದವರು ಆ 80ರ ಗೆರೆಯ ಒಳಗೆ ಹೇಗೋ ತೂರಿಸಿದ್ದಾರೆ, ಇನ್ನು ಒಂದು ಗೇಣು ಬಾಕಿ, ಅಷ್ಟೆ.

ಬಜ್ಪೆ ರನ್‌ವೇಯ ಅಗಲ 45 ಮೀಟರ್. ನಡುಗೆರೆಯಿಂದ ಅಂಚಿಗೆ 22.5. ಎ380ಯ ಹೊರಗಿನ ಎಂಜಿನ್ ಇರುವುದು ನಡುವಿನಿಂದ 25 ಮೀಟರ್ ದಾಟಿ. ಅಂದರೆ ಚಕ್ರ ಸರಿಯಾಗಿ ನಡುಗೆರೆಯಲ್ಲೇ ಇದ್ದರೂ ಎರಡು ಬದಿಯ ಎಂಜಿನ್ ರನ್‌ವೇ ಅಂಚಿನಿಂದ ಆಚೆ ತೂಗುತ್ತಿರುತ್ತದೆ. ಆಚೆ ಬರೀ ಹುಲ್ಲು, ಮುರಕಲ್ಲಿನ ಚೂರು ಇದ್ದರೆ? ಎಲ್ಲ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ 45 ಮೀಟರ್ ಅಗಲದ ರನ್‌ವೇ ಆದರೆ ಎರಡು ಬದಿಗೂ ಗಟ್ಟಿ ಅಂಚು ಹಾಕಿ ಒಟ್ಟು 75 ಮೀಟರ್ ಮಾಡಿರಬೇಕು. ಇನ್ನೊಂದು ಮಜಾ ಏನೆಂದರೆ, ಇಳಿದ ಮೇಲೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ನಿಲ್ಲಿಸುವ ವ್ಯವಸ್ಥೆ ಉಂಟಲ್ವಾ, ರಿವರ್ಸ್, ಅದು ಎ380ಯಲ್ಲಿ ಒಳಗಿನ ಎರಡು ಎಂಜಿನ್ನಿಗೆ ಮಾತ್ರ. ಹೊರಗಿನದಕ್ಕೆ ಕೊಟ್ಟರೆ ಅಂಚಿನ ಕಸವೆಲ್ಲ ಎದ್ದು ಹಾರುತ್ತದೆ.

ಭಾರಕ್ಕೆ ರನ್‌ವೇ ಒಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. 575 ಟನ್ ತನಕ ಹೋಗುತ್ತದೆ, ನಿಜ. ಆದರೆ ಹೊರುವುದಕ್ಕೆ ಮುಖ್ಯ ಚಕ್ರವೇ 20 ಉಂಟು. ಚಕ್ರಕ್ಕೆ ಹಂಚಿದರೆ 777ಕ್ಕಿಂತ ಜಾಸ್ತಿ ಏನಿಲ್ಲ.

ಕಷ್ಟ ಶುರುವಾಗುವುದು ರನ್‌ವೇ ಬಿಟ್ಟ ಮೇಲೆ. ತಿರುವಿನಲ್ಲಿ ರೆಕ್ಕೆ ತುದಿ ಎಲ್ಲಿ ಹೋಗುತ್ತಿದೆ ಅಂತ ಕಾಕ್‌ಪಿಟ್ಟಿನಲ್ಲಿ ಕೂತವರಿಗೆ ಸರಿಯಾಗಿ ಕಾಣುವುದಿಲ್ಲ. ಬಾಲದ ಮೇಲೆ, ಹೊಟ್ಟೆಯ ಕೆಳಗೆ ಕ್ಯಾಮರಾ ಇಟ್ಟಿದ್ದಾರೆ, ಚಕ್ರ ಗೆರೆಯಲ್ಲಿ ಉಂಟಾ ನೋಡಲಿಕ್ಕೆ. 2011ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೆನಡಿ ಏರ್‌ಪೋರ್ಟಿನಲ್ಲಿ ಒಂದು ಎ380ಯ ರೆಕ್ಕೆ ತುದಿ, ನಿಂತಿದ್ದ ಸಣ್ಣ ವಿಮಾನದ ಬಾಲಕ್ಕೆ ತಾಗಿ, ಅದನ್ನು ಆಟಿಕೆಯ ಹಾಗೆ ತಿರುಗಿಸಿಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ನನ್ನದೇ ಒಂದು ಕಥೆ. ನಾನು ವಿಂಗ್ ವಾಕರ್ ಆಗಿದ್ದೆ. ಕೈಯಲ್ಲಿ ಎರಡು ಕೆಂಪು ದೀಪದ ಕೋಲು ಹಿಡಿದು ರೆಕ್ಕೆ ತುದಿಯ ನೇರಕ್ಕೆ ನಿಲ್ಲುವ ಕೆಲಸ. ಜುಲೈ ತಿಂಗಳು, ರಾತ್ರಿ ಎರಡು ಗಂಟೆ. ಆ ಹೊತ್ತಿಗೂ ಕಾಂಕ್ರೀಟಿನ ಶಾಖ ಬೂಟಿನ ಅಡಿಗೆ ಬರುತ್ತಿತ್ತು. ಎ380 ಒಳಗೆ ಬರುತ್ತಿದೆ. ಎಂಜಿನ್ ಸದ್ದಿಗೆ ಎದೆಯೊಳಗೆ ಚೆಂಡೆ ಬಾರಿಸಿದ ಹಾಗೆ. ಆಗ ಕಂಡಿತು, ಯಾರೋ ಲಗೇಜು ಏರಿಸುವ ಒಂದು ಬೆಲ್ಟ್ ಲೋಡರ್ ಗಾಡಿಯನ್ನು ಕೆಂಪು ಗೆರೆಯಿಂದ ಈಚೆಗೆ, ಒಂದು ಒಂದೂವರೆ ಅಡಿ ಮೂತಿ ಚಾಚಿ ನಿಲ್ಲಿಸಿ ಹೋಗಿದ್ದಾರೆ. ತಾಗುತ್ತಿತ್ತಾ ಇಲ್ಲವಾ ದೇವರಿಗೇ ಗೊತ್ತು. ನಾನು ಎರಡು ಕೋಲನ್ನೂ ತಲೆಯ ಮೇಲೆ ಅಡ್ಡ ಹಿಡಿದೆ. ಅಂದರೆ ನಿಲ್ಲು. ಐನೂರು ಜನ ಹೊತ್ತ ವಿಮಾನ ನನ್ನ ಎದುರು ತಲೆ ಬಗ್ಗಿಸಿ ನಿಂತಿತು. ಬ್ರೇಕ್ ಹಾಕುವಾಗ ಮೂತಿ ನಿಜವಾಗಿ ಬಗ್ಗುತ್ತದೆ ಮಾರಾಯ್ರೆ, ಹೊಗಳಿಕೊಳ್ಳುತ್ತಿಲ್ಲ.

ಲೋಡರಿನ ಕೀಲಿಕೈ ಇದ್ದವನು ಚಹಾ ಕುಡಿಯಲು ಹೋಗಿದ್ದ. ಇಪ್ಪತ್ತು ನಿಮಿಷ ತಡವಾಯಿತು. ಮರುದಿನ ವಾರ್ನಿಂಗ್ ಕಾಗದ ಬಂದದ್ದು ಯಾರಿಗೆ? ನನಗೆ. ವಿಮಾನ ತಡ ಮಾಡಿಸಿದ್ದಕ್ಕೆ. ಆ ಕಾಗದ ಇನ್ನೂ ಕಪಾಟಿನಲ್ಲಿ ಉಂಟು.

ಅಡಿಕೆ ಸುಲಿಯುವವರು ಬಂದರು. ಉಳಿದದ್ದು ಸಂಜೆ ಬರೆಯುತ್ತೇನೆ.

ಎಟಿಸಿ ಕನಸು

ರಾಂಪ್‌ಭಾವ ಬರುವುದರೊಳಗೆ ಆಕಾಶದ ಪಾಲು ನಾನು ಹೇಳುತ್ತೇನೆ. ಊರು ಮಂಜೇಶ್ವರ, ವಿಮಾನಗಳಿಗೆ ದಾರಿ ಹೇಳುವ ಎಟಿಸಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ.

ಎ380ಯ ಪೈಲಟ್ ರೇಡಿಯೋದಲ್ಲಿ ಮೊದಲು ಮಾತಾಡುವಾಗ ವಿಮಾನದ ಹೆಸರಿನ ಜೊತೆ "ಸೂಪರ್" ಅಂತ ಸೇರಿಸಬೇಕು. ಜಂಬ ಅಲ್ಲ, ಎಚ್ಚರಿಕೆ. ಅದರ ರೆಕ್ಕೆಯ ಹಿಂದೆ ಗಾಳಿ ಸುಳಿಸುಳಿಯಾಗಿ ಇಳಿಯುತ್ತದೆ, ದೋಣಿಯ ಹಿಂದೆ ನೀರು ಸುತ್ತುವ ಹಾಗೆ. ಆ ಸುಳಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹಿಂದೆ ಇಳಿಯಲು ಬರುವ 737 ಏಳು ನಾಟಿಕಲ್ ಮೈಲು ದೂರ ಇರಬೇಕು. 13 ಕಿಲೋಮೀಟರ್, ಹೆಚ್ಚುಕಡಿಮೆ ಕುಂಬಳೆಯಿಂದ ಕಾಸರಗೋಡು ಪೇಟೆ. ಎರಡು 737ಗಳ ನಡುವೆ ಸಾಮಾನ್ಯವಾಗಿ ಮೂರು ಮೈಲು ಸಾಕು. ಒಂದು ದೊಡ್ಡದನ್ನು ಇಳಿಸಲು ಹಿಂದಿನವರು ಕಾಯಬೇಕು.

ನಮ್ಮ ಅರಬ್ಬಿ ಸಮುದ್ರದ ಮೇಲೆಯೇ ನಡೆದ ಘಟನೆ ಉಂಟು. 2017ರ ಜನವರಿ 7. ಮಾಲ್ದೀವ್ಸ್‌ನಿಂದ ಅಬುಧಾಬಿಗೆ ಹೋಗುತ್ತಿದ್ದ ಒಂದು ಸಣ್ಣ ಚಾಲೆಂಜರ್ ಜೆಟ್. ಎದುರಿನಿಂದ ಸಾವಿರ ಅಡಿ ಮೇಲೆ ಸಿಡ್ನಿಗೆ ಹೋಗುವ ಎ380 ದಾಟಿಹೋಯಿತು. ನಿಯಮದ ಪ್ರಕಾರ ಅಂತರ ಸರಿಯಾಗಿಯೇ ಇತ್ತು. ಆದರೂ ಸ್ವಲ್ಪ ಹೊತ್ತಿಗೆ ಆ ಸುಳಿ ಕೆಳಗೆ ಬಂದು ಜೆಟ್ಟನ್ನು ಮಗುಚಿ ಹಾಕಿತು. ಸುಮಾರು ಒಂಬತ್ತು ಸಾವಿರ ಅಡಿ ಬಿದ್ದ ಮೇಲೆ ಪೈಲಟ್‌ಗಳು ಹತೋಟಿಗೆ ತಂದರು. ಮಸ್ಕತ್‌ನಲ್ಲಿ ಇಳಿಸಿದರು. ಒಳಗಿದ್ದವರಿಗೆ ಪೆಟ್ಟಾಗಿತ್ತು. ಆ ಜೆಟ್ ಮತ್ತೆ ಹಾರಲಿಲ್ಲ.

ಸೀತಾಂಗೋಳಿ

ಇಬ್ಬರಿಗೂ ಥ್ಯಾಂಕ್ಸ್. ಇಷ್ಟನ್ನೂ ಮಾವನಿಗೆ ಓದಿ ಹೇಳಿದೆ. ಅವರು ಈಗ ಹೊಸ ಪಟ್ಟು ಹಿಡಿದಿದ್ದಾರೆ. "ಕೋಝಿಕ್ಕೋಡಿನ ಕರಿಪ್ಪೂರು ಏರ್‌ಪೋರ್ಟ್ ಕೂಡ ಗುಡ್ಡದ ಮೇಲೆಯೇ. ಅಲ್ಲಿಗೆ ಜಂಬೋ ಬರುತ್ತಿರಲಿಲ್ವಾ? ಜಂಬೋಗೂ ಉಪ್ಪರಿಗೆ ಇತ್ತು." ಇದಕ್ಕೆ ಎಂತ ಹೇಳುವುದು?

ರಾಂಪ್‌ಭಾವ

ಮಾವ ಗಟ್ಟಿ ಆಸಾಮಿ. ಬರುತ್ತಿತ್ತು, ನಿಜ. ಜೆದ್ದಾ ಕಡೆಗೆ ಹೋಗುವವರನ್ನು ಕರಿಪ್ಪೂರಿನಿಂದ 747 ಹೊತ್ತುಕೊಂಡು ಹೋಗುತ್ತಿತ್ತು. 2015ರಲ್ಲಿ ರನ್‌ವೇ ರಿಪೇರಿಗೆ ಅಂತ ದೊಡ್ಡ ವಿಮಾನ ನಿಲ್ಲಿಸಿದರು. 2018ರ ಕೊನೆಗೆ ಮತ್ತೆ ಶುರು ಮಾಡಿದರು. 2020ರ ಆಗಸ್ಟ್ 7ರಂದು ಮಳೆಯಲ್ಲಿ ಒಂದು 737 ರನ್‌ವೇ ದಾಟಿ ಕೆಳಗೆ ಬಿತ್ತು, 21 ಮಂದಿ ಹೋದರು. ಆಮೇಲೆ ದೊಡ್ಡವನ್ನು ಪುನಃ ನಿಲ್ಲಿಸಿದರು. ಬಿದ್ದದ್ದು ಸಣ್ಣ ವಿಮಾನ, ನಿಷೇಧ ಬಿದ್ದದ್ದು ದೊಡ್ಡದಕ್ಕೆ. ಆದರೆ ಕಾರಣ ಉಂಟು. ರನ್‌ವೇ ಮುಗಿದ ಮೇಲೆ ಖಾಲಿ ಜಾಗ ಎಷ್ಟು ಅನ್ನುವುದು ಅಲ್ಲಿ ಪ್ರಶ್ನೆ.

ಮತ್ತೆ, ಜಂಬೋ ಬೇರೆ, ಇದು ಬೇರೆ. ಜಂಬೋದ ಉಪ್ಪರಿಗೆ ಮೂಗಿನ ಹತ್ತಿರ ಮಾತ್ರ. ಎ380ಯದ್ದು ಮೂತಿಯಿಂದ ಬಾಲದವರೆಗೆ ಪೂರ್ತಿ. ಆ ಉಪ್ಪರಿಗೆಯ ಬಾಗಿಲು ನೆಲದಿಂದ ಸುಮಾರು ಎಂಟು ಮೀಟರ್ ಎತ್ತರದಲ್ಲಿ ಉಂಟು. ಊಟದ ಲಾರಿ ಸಾದಾ ಲಾರಿ ಆದರೆ ಅಷ್ಟು ಎತ್ತರಕ್ಕೆ ಎಟಕುವುದಿಲ್ಲ, ವಿಶೇಷ ಲಿಫ್ಟ್ ಲಾರಿ ಬೇಕು. ಹಿಂದಕ್ಕೆ ತಳ್ಳುವ ಟಗ್ ತಾನೇ ಭಾರ ಇರದಿದ್ದರೆ ಅದರ ಚಕ್ರವೇ ಜಾರುತ್ತದೆ. ಏರೋಬ್ರಿಜ್ ಒಂದು ಸಾಲದು, ಕೆಳಗೆ ಎರಡು, ಮೇಲೆ ಒಂದು ಇದ್ದರೆ ಚಂದ. ದುಬೈಯಲ್ಲಿ 2013ರಲ್ಲಿ ಎ380ಗಳಿಗಾಗಿಯೇ ಕಾನ್‌ಕೋರ್ಸ್ ಎ ಅಂತ ಬೇರೆ ಕಟ್ಟಡವನ್ನೇ ತೆರೆದರು.

ಬೆಂಕಿ ಆರಿಸುವವರ ಲೆಕ್ಕ ಇನ್ನೂ ಮಜಾ. ವಿಮಾನದ ಉದ್ದ, ಮೈಯ ದಪ್ಪ ನೋಡಿ ದರ್ಜೆ ಕೊಡುತ್ತಾರೆ. 737-800ಕ್ಕೆ ಏಳನೇ ದರ್ಜೆ. ಎ380 ಉದ್ದದ ಲೆಕ್ಕದಲ್ಲಿ ಒಂಬತ್ತರಲ್ಲೇ ಮುಗಿಯಬೇಕಿತ್ತು. ಆ ದರ್ಜೆಗೆ ಮೈ ದಪ್ಪದ ಮಿತಿ 7 ಮೀಟರ್, ಇದರದ್ದು 7.14. ಆ ಹದಿನಾಲ್ಕು ಸೆಂಟಿಮೀಟರ್‌ಗೆ ಹತ್ತನೇ ದರ್ಜೆ! ನೊರೆ ಮಾಡಲಿಕ್ಕೆ ಇಡಬೇಕಾದ ನೀರು 737ದ ಏಳನೇ ದರ್ಜೆಯ 12,100 ಲೀಟರಿನಿಂದ 32,300 ಲೀಟರಿಗೆ ಏರುತ್ತದೆ. ಅದಕ್ಕೆ ತಕ್ಕ ಗಾಡಿ, ಜನ.

ಇಷ್ಟೆಲ್ಲ ಮಾಡಿದರೂ ಒಂದೇ ಕಡೆ ಮಾಡಿದರೆ ಆಗುವುದಿಲ್ಲ. ಮಂಜು ಬಿತ್ತು, ಇಳಿಯಲು ಆಗುವುದಿಲ್ಲ ಅಂದರೆ ಹತ್ತಿರ ಇನ್ನೊಂದು ಏರ್‌ಪೋರ್ಟ್ ಅದನ್ನು ಹಿಡಿಸಿಕೊಳ್ಳುವಂತೆ ಇರಬೇಕು. ನಮ್ಮ ದೇಶದಲ್ಲಿ 2014ರ ಜನವರಿ ತನಕ ಎ380ಗೆ ಅನುಮತಿಯೇ ಇರಲಿಲ್ಲ. ಕೊಟ್ಟಾಗಲೂ ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್, ನಾಲ್ಕೇ ಊರಿಗೆ. ಬೆಂಗಳೂರಿಗೆ ದಿನಾ ಬರಲು ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಕಣ್ಣೂರಿಗೆ ಯಾಕಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಉಳಿದರ್ಧ ಸೀಟು. ದುಬೈಯವರ ಕೆಲವು ಎ380ಯಲ್ಲಿ 615 ಸೀಟು ಉಂಟು. ಅಷ್ಟು ಜನ ಒಂದೇ ಸಲ ಇಳಿದರೆ ಇಮಿಗ್ರೇಷನ್ ಸಾಲು ಎಲ್ಲಿಗೆ ಮುಟ್ಟುತ್ತದೆ ಯೋಚಿಸಿ. ಲಗೇಜಿನದು ಇನ್ನೊಂದು ಕಥೆ. ದೊಡ್ಡ ವಿಮಾನದಲ್ಲಿ ಪೆಟ್ಟಿಗೆಗಳನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿ ತುಂಬಿಸಿ ಡಬ್ಬಿಯನ್ನೇ ತಳ್ಳುತ್ತಾರೆ. 737ಕ್ಕೆ ಒಂದೊಂದೇ ಕೈಯಲ್ಲಿ ಹೊತ್ತು ಹಾಕುವುದು. ಎರಡರಲ್ಲೂ ನಮ್ಮವರ ಪೆಟ್ಟಿಗೆ ದೂರದಿಂದಲೇ ಗುರುತು ಸಿಗುತ್ತಿತ್ತು. ರಟ್ಟಿನ ಪೆಟ್ಟಿಗೆ, ಸುತ್ತ ನೀಲಿ ನೈಲಾನ್ ಹಗ್ಗ, ಮೇಲೆ ಮಾರ್ಕರಿನಲ್ಲಿ ಇಷ್ಟು ದೊಡ್ಡ ಹೆಸರು. ಆ ಹಗ್ಗ ಬೆಲ್ಟಿನ ಸಂದಿಗೆ ಸಿಕ್ಕಿದರೆ ಇಡೀ ಬೆಲ್ಟ್ ನಿಲ್ಲುತ್ತದೆ. ನಿಲ್ಲಿಸಿ ಬಿಡಿಸುವಾಗ ಬಿರಿದ ಪೆಟ್ಟಿಗೆಯಿಂದ ಹಾಲಿನ ಪುಡಿ ಡಬ್ಬ ಉರುಳುವುದು ಎಷ್ಟು ಸಲ ನೋಡಿದ್ದೇನೋ.

ನನ್ನ ಅಭಿಪ್ರಾಯ ಕೇಳಿದರೆ, ನಮಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು 737 ಇರುವುದೇ ಒಳ್ಳೆಯದು. ರಜೆ ಸಿಕ್ಕಿದವನಿಗೆ ಸಮಯ ಆರಿಸಿಕೊಳ್ಳಲಿಕ್ಕಾದರೂ ಆಗುತ್ತದೆ. ಕಂಪನಿಗಳ ಲೆಕ್ಕವೂ ಹಾಗೇ ಹೋಯಿತು. ನಾಲ್ಕು ಎಂಜಿನ್ನಿನ ಎಣ್ಣೆ ಖರ್ಚು, ತುಂಬದ ಸೀಟು. 251 ಎ380 ಮಾಡಿ 2021ಕ್ಕೆ ನಿಲ್ಲಿಸಿಬಿಟ್ಟರು. ಅದರಲ್ಲಿ 123 ದುಬೈಯವರೇ ತೆಗೆದುಕೊಂಡದ್ದು. ಬೋಯಿಂಗಿನವರು ಹೊಸ 777ಎಕ್ಸ್‌ನ ರೆಕ್ಕೆ ತುದಿಯನ್ನು ಮಡಚುವ ಹಾಗೆ ಮಾಡಿದ್ದಾರೆ. ಹಾರುವಾಗ ಬಿಡಿಸಿ, ಗೇಟಿಗೆ ಬರುವಾಗ ಕೊಡೆಯ ಹಾಗೆ ಮಡಚಿ, 65 ಮೀಟರಿನ ಒಳಗೆ. ಮೊದಲೇ ಹೀಗೆ ಮಾಡಿದ್ದರೆ ನನಗೆ ಆ ವಾರ್ನಿಂಗ್ ಕಾಗದ ಬರುತ್ತಿರಲಿಲ್ಲ.

ಅಮ್ಮನಿಗೆ ಅದರಲ್ಲೇ ಹೋಗುವ ಆಸೆ ಇದ್ದರೆ ಕಾಸರಗೋಡಿನಿಂದ ರಾತ್ರಿ ಬೆಂಗಳೂರು ರೈಲು ಹತ್ತಿ. ಅಲ್ಲಿಂದ ಉಂಟು.

ಉಪ್ಪಳ ಲೋಕಲ್

ಭಾವ, 2010ರ ವಿಷಯದಲ್ಲಿ ನಾನು ಬರೆದದ್ದು ಪೂರ್ತಿ ಸರಿಯಿರಲಿಲ್ಲ, ಒಪ್ಪಿದೆ. ಆದರೆ ಪಂದ್ಯದಲ್ಲಿ ಮಾವನಿಗೆ ಕಾಲು ಪಾಲಾದರೂ ಕೊಡಿ. ಆಟಿ ಮಳೆಯ ಲೆಕ್ಕ ಬೇರೆ ಅಂತ ನೀವೇ ಬರೆದಿದ್ದೀರಿ.

ಸೀತಾಂಗೋಳಿ

ಕಾಲು ಪಾಲು ಕೊಟ್ಟಾಯಿತು. ಮಾವ ಐಸ್‌ಕ್ರೀಮ್ ಕೊಡಿಸಿದರು, ಆದರೆ ಅವರ ಪಾಲಿನ ದುಡ್ಡು ನನ್ನಿಂದ ವಸೂಲಿ ಮಾಡಿದರು.

ನಿನ್ನೆ ಸಂಜೆ ನಾನೂ ಮನೆಯಲ್ಲಿ ಟೇಪ್ ಹಿಡಿದು ಅಳೆದೆ. ಬಾವಿಕಟ್ಟೆಯಿಂದ ಗೇಟಿನವರೆಗೆ 31 ಮೀಟರ್. ಉಪ್ಪರಿಗೆ ವಿಮಾನ ಹೋಗಲಿ, ನಮ್ಮ ಬಜ್ಪೆಯ 737ದ ರೆಕ್ಕೆಯೂ ಅಂಗಳದಲ್ಲಿ ಹಿಡಿಯುವುದಿಲ್ಲ.

ಬೆಂಗಳೂರಿನ ವಿಷಯ ಅಮ್ಮನಿಗೆ ಹೇಳಿದೆ. ರಾತ್ರಿಯಿಡೀ ರೈಲು, ಆಮೇಲೆ ಸ್ಟೇಷನ್ನಿನಿಂದ ಏರ್‌ಪೋರ್ಟಿಗೆ ಅಷ್ಟು ದೂರ ಅಂತ ಗೊತ್ತಾದ ಕೂಡಲೇ, "ಉಪ್ಪರಿಗೆ ಬೇಡ ಮಗಾ, ಮೆಟ್ಟಿಲು ಹತ್ತಿದರೆ ಗಂಟು ನೋವು" ಅಂದರು. ಉಪ್ಪರಿಗೆಗೆ ಹೊರಗಿನಿಂದ ನೇರ ಬ್ರಿಜ್ ಉಂಟು, ಮೆಟ್ಟಿಲು ಹತ್ತಬೇಕಾಗಿಲ್ಲ ಅಂತ ನಾನು ಹೇಳಲಿಲ್ಲ. ಬಜ್ಪೆಯಿಂದಲೇ ಟಿಕೆಟ್ ಮಾಡಿದೆ.

ರಾಂಪ್‌ಭಾವ

ಒಳ್ಳೆಯದು ಮಾಡಿದಿರಿ. ಗಂಟು ನೋವು ಉಂಟಾದರೆ ಟಿಕೆಟಿನಲ್ಲೇ ವೀಲ್‌ಚೇರ್ ಬರೆಸಿ, ಆ ದಿನ ಕೇಳಿದರೆ ಕಾಯಿಸುತ್ತಾರೆ. ಕಿಟಕಿ ಸೀಟು ಕೊಡಿಸಿ, ಏಳುವಾಗ ಗುಡ್ಡ ಮುಗಿದು ಒಮ್ಮೆಲೇ ಕೆಳಗೆ ಹಸಿರು ಕಾಣುತ್ತದೆ.

ಮತ್ತೆ ಹಲಸಿನ ಹಪ್ಪಳದ ಪೆಟ್ಟಿಗೆಗೆ ಹಗ್ಗ ಕಟ್ಟಬೇಡಿ. ಟೇಪ್ ಸಾಕು.